ಹಳೆಯ ಲಾರಿ ಕೊಳ್ಳಬೇಕೆ?

(ಹೊನ್ನಾಳಿಯಲ್ಲಿ ನಾಲ್ಕು ಊರುಗಳ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು)



ಚನ್ನಗಿರಿಯಿಂದ, ನ್ಯಾಮತಿಯಿಂದ, ದೂರದ ಜಗಳೂರಿನಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಆದುದರಿಂದ ಪೀಠಿಕೆಯಲ್ಲಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಮ್ಮ ಮುಂದಿರುವ ಪ್ರಶ್ನೆ ಇದು. ಅಕ್ಕಿ ಗಿರಣಿಯ ಹಮಾಲಿಗಳು, ಮಂಡಿಯ ಸಣ್ಣ ವ್ಯಾಪಾರಿಗಳು ಎಲ್ಲರೂ ಕೈಗೂಡಿಸಿ ಹಳೆಯ ಆರು ಚಕ್ರದ ಲಾರಿಯೊಂದನ್ನು ಕೊಳ್ಳುವುದು. ಸುಗ್ಗಿಯಲ್ಲಿ ಅದರಲ್ಲಿ ನಮ್ಮ ಮಾಲು ಸಾಗಿಸುವುದು. ಸುಗ್ಗಿ ಮುಗಿದ ಮೇಲೆ ಹಿಂದೆ ಕ್ರೇನೂ ಕೊಕ್ಕೆಯೂ ಕೂರಿಸಿ, ರಸ್ತೆಯಲ್ಲಿ ಕೆಟ್ಟು ನಿಂತ ಲಾರಿ ಟ್ರ್ಯಾಕ್ಟರುಗಳನ್ನು ಎಳೆದು ತಂದು ಬಾಡಿಗೆ ಪಡೆಯುವುದು. ಇದನ್ನು ಮಾಡಬಹುದೆ, ಬಾರದೆ?

ದಲ್ಲಾಳಿ ಲಾರಿ ತೋರಿಸಿದ್ದಾನೆ. ಬಣ್ಣ ಚೆನ್ನಾಗಿದೆ ಎಂದು ಇಬ್ಬರು ಹೇಳಿದರು, ಹಾರ್ನು ಜೋರಾಗಿದೆ ಎಂದು ಮತ್ತೊಬ್ಬರು. ಎಂಜಿನ್ನಿನ ವಿಷಯ ಯಾರೂ ಹೇಳಲಿಲ್ಲ. ಹಾಕಬೇಕೆಂದಿರುವ ಹಣವಾದರೂ ಎಂಥದು? ಕೆಲಸ ಬಿಟ್ಟಾಗ ಬಂದ ಗ್ರಾಚ್ಯುಟಿ, ಹೆಂಗಸರು ಚೀಟಿ ಕಟ್ಟಿ ಕೂಡಿಸಿದ್ದು, ಅಂಗಡಿಯ ಮುಂದಿನ ತಿಂಗಳ ಬಂಡವಾಳ. ಇದು ಹೋದರೆ ಎರಡನೆಯ ಸಲ ಬರುವ ಹಣವಲ್ಲ. ಆದ ಕಾರಣ ನಾನು ಮೇಷ್ಟರ ಹಳೆಯ ಅಭ್ಯಾಸದಂತೆ ಮೊದಲು ಲೆಕ್ಕವನ್ನೇ ಹಲಗೆಯ ಮೇಲೆ ಬರೆಯುತ್ತೇನೆ.

ಎಲ್ಲರೂ ಲಾರಿಯ ಬೆಲೆಯ ಮಾತನ್ನೇ ಆಡುತ್ತಿದ್ದೀರಿ. ನಾನು ಕೇಳುವುದು ಲಾರಿ ನಿಂತ ದಿನಗಳನ್ನು. ಲೆಕ್ಕಕ್ಕೋಸ್ಕರ ಬೆಲೆ 8 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಐದು ವರ್ಷ ಓಡಿಸಿ 3 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 1 ಲಕ್ಷ ಸವಕಳಿ. ವಿಮೆ, ತೆರಿಗೆ, ಎಫ್.ಸಿ. ಇವಕ್ಕೆಲ್ಲ 1 ಲಕ್ಷ ಇಡಿ. ಡ್ರೈವರ್ ಮತ್ತು ಕ್ಲೀನರ್ ಇಬ್ಬರಿಗೂ ಸೇರಿ ತಿಂಗಳಿಗೆ 30 ಸಾವಿರ ಎಂದರೆ ವರ್ಷಕ್ಕೆ 3 ಲಕ್ಷ 60 ಸಾವಿರ. ನಾವೇ ಕೂಲಿಯವರಾಗಿ ನಮ್ಮ ಡ್ರೈವರನ ಸಂಬಳವನ್ನು ಇದಕ್ಕಿಂತ ಕಡಿಮೆ ಹಿಡಿಯುವುದು ನಾಚಿಕೆಗೇಡು. ಟಯರು, ರಿಪೇರಿಗೆ ಒಂದೂವರೆ ಲಕ್ಷ. ಸಾಲದ ಬಡ್ಡಿ 50 ಸಾವಿರ. ಒಟ್ಟು 7 ಲಕ್ಷ 60 ಸಾವಿರ. ಇದರಲ್ಲಿ ಒಂದು ಲೀಟರ್ ಡೀಸೆಲ್ಲೂ ಸೇರಿಲ್ಲ.

ಈಗ ಭಾಗಿಸಿ. ವರ್ಷದಲ್ಲಿ 200 ದಿನ ಲಾರಿಗೆ ಕೆಲಸ ಸಿಕ್ಕಿದರೆ ದಿನಕ್ಕೆ 3,800 ರೂಪಾಯಿ ಬೀಳುತ್ತದೆ. 120 ದಿನ ಸಿಕ್ಕಿದರೆ 6,300ನ್ನು ದಾಟುತ್ತದೆ. 80 ದಿನವಾದರೆ 9,500. ಲಾರಿ ಅದೇ, ಬೆಲೆ ಅದೇ, ಡ್ರೈವರೂ ಅವನೇ. ಬದಲಾದದ್ದು ನಿಂತ ದಿನಗಳ ಸಂಖ್ಯೆ. ಅಗ್ಗದ ಲಾರಿ ತಂದು ಮರದ ನೆರಳಲ್ಲಿ ನಿಲ್ಲಿಸಿದರೆ ಅದು ದುಬಾರಿ ಲಾರಿಯಾಗುತ್ತದೆ. ಅಂಕಿಗಳು ನಾನು ಊಹಿಸಿ ಹಾಕಿದವು. ನಿಮ್ಮ ಅಂಕಿ ಹಾಕಿ ನೀವೇ ಭಾಗಿಸಿ ನೋಡಿ.

ನಮ್ಮ ನಾಲ್ಕು ಊರುಗಳಲ್ಲಿ ಎಷ್ಟು ದಿನ ಕೆಲಸ ಸಿಗಬಹುದು? ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಕಡೆ ನಾಲೆಯ ನೀರಿನಿಂದ ಬೆಳೆಯುವ ಭತ್ತವಿದೆ. ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಗಿರಣಿಗೆ ಬರುತ್ತದೆ. ಬೇಸಿಗೆಗೆ ನಾಲೆಯಲ್ಲಿ ನೀರು ಬಿಟ್ಟ ವರ್ಷ ಮೇ ತಿಂಗಳಲ್ಲಿ ಮತ್ತೊಂದು ಬೆಳೆ. ಚನ್ನಗಿರಿಯ ಅಡಿಕೆ ಮಳೆಗಾಲದ ಕೊನೆಯಿಂದ ಸಂಕ್ರಾಂತಿಯವರೆಗೆ. ಆದರೆ ಒಣಗಿದ ಅಡಿಕೆ ತೂಕದ ಮಾಲಲ್ಲ, ಬೆಲೆಯ ಮಾಲು. ಅದನ್ನು ಸಾಗಿಸಲು ದೊಡ್ಡ ಲಾರಿಗಿಂತ ನಂಬಿಕಸ್ಥ ಡ್ರೈವರ್ ಮುಖ್ಯ. ಜಗಳೂರಿನ ಮೆಕ್ಕೆಜೋಳ ಬರುವುದೂ ಅಕ್ಟೋಬರ್, ನವೆಂಬರ್, ಡಿಸೆಂಬರಿನಲ್ಲೇ. ಅಂದರೆ ಎಲ್ಲ ಊರಿಗೂ ಲಾರಿ ಬೇಕಾಗುವುದು ಒಂದೇ ಮೂರು ತಿಂಗಳು. ಆಗ ಒಂದು ಲಾರಿ ಸಾಲುವುದಿಲ್ಲ. ಜೂನ್, ಜುಲೈ, ಆಗಸ್ಟಿನಲ್ಲಿ ಅದೇ ಒಂದು ಲಾರಿ ಹೆಚ್ಚಾಗುತ್ತದೆ. ಜಗಳೂರಿನವರು ಚೆನ್ನಾಗಿ ಕೇಳಿಸಿಕೊಳ್ಳಬೇಕು: ಚನ್ನಗಿರಿಯಲ್ಲಿ ನಿಂತ ಲಾರಿ ನಿಮ್ಮೂರಿಗೆ ದಾವಣಗೆರೆ ಬಳಸಿಕೊಂಡು ಬರಬೇಕಾದರೆ ನೂರು ಕಿಲೋಮೀಟರಿನ ಆಸುಪಾಸು ಖಾಲಿ ಓಡಬೇಕು. ಆ ಡೀಸೆಲ್ ಯಾರ ಲೆಕ್ಕಕ್ಕೆ ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಮೊದಲ ಸುಗ್ಗಿಯಲ್ಲೇ ಜಗಳ.

ಹಾಗಾದರೆ ಖಾಲಿ ತಿಂಗಳಲ್ಲಿ ಕೆಟ್ಟ ಗಾಡಿ ಎಳೆಯೋಣ, ಮಳೆಗಾಲದಲ್ಲಿ ತಾನೆ ಗಾಡಿಗಳು ಹೂತುಕೊಳ್ಳುವುದು ಎಂದು ನ್ಯಾಮತಿಯ ಗೆಳೆಯರೊಬ್ಬರು ಕೇಳಿದರು. ಬುದ್ಧಿವಂತ ಪ್ರಶ್ನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಹೊರುವ ಕೆಲಸ ಬೇರೆ, ಎಳೆಯುವ ಕೆಲಸ ಬೇರೆ.

ಟಾಟಾ ಲಾರಿಯ ಮೇಲೆ 1613 ಎಂದು ಬರೆದಿರುವುದನ್ನು ನೋಡಿದ್ದೀರಿ. ಒಟ್ಟು ತೂಕ ಸುಮಾರು 16 ಟನ್ನು, ಎಂಜಿನ್ನಿನ ಬಲ ಸುಮಾರು 130 ಅಶ್ವಶಕ್ತಿ ಎಂಬುದು ಆ ಅಂಕಿಯ ಅರ್ಥ. ಒಟ್ಟು ತೂಕವೆಂದರೆ ಲಾರಿಯ ಸ್ವಂತ ತೂಕವೂ ಸೇರಿ. ಖಾಲಿ ಲಾರಿಯೇ ಐದಾರು ಟನ್ನು ಇರುತ್ತದೆ. ಉಳಿದದ್ದು ಮಾಲಿಗೆ. ಈ ಗಾಡಿಯನ್ನು ಮಾಡಿದವರು ಹೊರಲಿಕ್ಕೆಂದು ಮಾಡಿದರು. ಅದರ ಬಾಲಕ್ಕೆ ಇನ್ನೊಂದು ಹದಿನಾರು ಟನ್ನಿನ ಲಾರಿಯನ್ನು ಕಟ್ಟಿದರೆ ಏನಾಗುತ್ತದೆ? ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಿಬ್ಬದಲ್ಲಿ ಕೆಟ್ಟ ಲಾರಿ ಹಿಂದಕ್ಕೆ ಎಳೆಯುವ ಬಲವೇ 16 ಟನ್ನಿನ ಇಪ್ಪತ್ತನೆಯ ಒಂದು ಪಾಲು, ಅಂದರೆ 800 ಕಿಲೋ. ಹಗ್ಗಕ್ಕೂ ಕ್ಲಚ್ಚಿಗೂ ಕ್ರೌನ್ ಪಿನಿಯನ್ನಿಗೂ ಬೀಳುವ ಏಟು ಅದು. ಏರುವಾಗ ಹೇಗೋ ಒಂದನೇ ಗೇರಿನಲ್ಲಿ ಏರಿಬಿಡಬಹುದು. ಇಳಿಯುವಾಗ ಅದೇ 800 ಕಿಲೋ ನಮ್ಮ ಲಾರಿಯನ್ನು ಹಿಂದಿನಿಂದ ನೂಕುತ್ತದೆ. ಎರಡು ಲಾರಿಗೆ ಒಂದೇ ಬ್ರೇಕು. ಎಂಜಿನ್ನು ಎಷ್ಟು ಎಳೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಎಷ್ಟನ್ನು ನಿಲ್ಲಿಸುತ್ತದೆ ಎಂದು ಕೇಳುವವರು ಕಡಿಮೆ.

ಇನ್ನು ಕ್ರೇನಿನಿಂದ ಮುಂದಿನ ಚಕ್ರ ಎತ್ತಿಕೊಂಡು ಎಳೆಯುವ ರೀತಿ. ಹಿಂದೆ ಬಾವಿಯ ಮೇಲೆ ಏತ ಇರುತ್ತಿತ್ತು, ಹಿರಿಯರು ನೋಡಿದ್ದೀರಿ. ಒಂದು ತುದಿ ತಗ್ಗಿದರೆ ಇನ್ನೊಂದು ತುದಿ ಏಳುತ್ತದೆ. ಲಾರಿಯೂ ಹಾಗೆಯೇ, ಹಿಂದಿನ ಅಚ್ಚೇ ನಡುಗಂಬ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 4 ಮೀಟರ್ ದೂರ, ಕೊಕ್ಕೆ ಹಿಂದಿನ ಅಚ್ಚಿನಿಂದ 2 ಮೀಟರ್ ಆಚೆಗೆ ಎಂದುಕೊಳ್ಳಿ. ಕೊಕ್ಕೆಯ ಮೇಲೆ 2 ಟನ್ನು ಬಿದ್ದರೆ ಮುಂದಿನ ಚಕ್ರದಿಂದ 1 ಟನ್ನು ಭಾರ ಎದ್ದು ಹೋಗುತ್ತದೆ. ಹಿಂದಿನ ಅಚ್ಚಿನ ಮೇಲೆ ಬೀಳುವುದು 3 ಟನ್ನು. ಮುಂದಿನ ಚಕ್ರ ಹಗುರವಾದ ಗಾಡಿಗೆ ಸ್ಟೇರಿಂಗ್ ಎಲ್ಲಿಯದು? ಮಳೆಯಲ್ಲಿ ನೆನೆದ ರಸ್ತೆಯ ತಿರುವಿನಲ್ಲಿ ಚಕ್ರ ತಿರುಗಿದರೂ ಲಾರಿ ನೇರವಾಗಿಯೇ ಹೋಗುತ್ತದೆ. ಆದುದರಿಂದ ನಿಜವಾದ ರಿಕವರಿ ಗಾಡಿಗಳನ್ನು ಚಾಸಿ ಬಲಪಡಿಸಿ, ಮುಂದೆ ಭಾರವಿಟ್ಟು, ಆ ಕೆಲಸಕ್ಕೆಂದೇ ಕಟ್ಟಿರುತ್ತಾರೆ. ಹಳೆಯ ಚಾಸಿಗೆ ಬೆಸುಗೆ ಹಾಕಿ ಕಂಬ ನಿಲ್ಲಿಸಿದ್ದೆಲ್ಲ ಕ್ರೇನಾಗುವುದಿಲ್ಲ.

ಕೆಟ್ಟ ಗಾಡಿಯ ಕಡೆಯಿಂದಲೂ ನೋಡಿ. ಎಂಜಿನ್ನು ನಿಂತಿತೆಂದರೆ ಏರ್ ಬ್ರೇಕಿಗೆ ಗಾಳಿ ತುಂಬುವುದಿಲ್ಲ. ಈಚಿನ ಲಾರಿಗಳಲ್ಲಿ ಗಾಳಿ ಇಳಿದೊಡನೆ ಸ್ಪ್ರಿಂಗ್ ಬ್ರೇಕ್ ಹಿಡಿದುಕೊಳ್ಳುತ್ತದೆ. ಅದನ್ನು ಬಿಡಿಸುವ ಕ್ರಮ ತಿಳಿಯದೆ ಎಳೆದರೆ ಟಯರು ರಸ್ತೆಗೆ ಉಜ್ಜಿ ಹೋಗುತ್ತದೆ. ಹಳೆಯ ಲಾರಿಗಳಲ್ಲಿ ಇದಕ್ಕೆ ವಿರುದ್ಧ, ಬ್ರೇಕೇ ಇರುವುದಿಲ್ಲ. ಹಿಂದಿನ ಚಕ್ರ ನೆಲದ ಮೇಲೆ ಉರುಳುವಂತೆ ದೂರ ಎಳೆಯುವುದಾದರೆ ಗೇರ್ ಬಾಕ್ಸಿಗೆ ಹೋಗುವ ಶಾಫ್ಟನ್ನು ಬಿಚ್ಚಬೇಕು, ಇಲ್ಲದಿದ್ದರೆ ಎಂಜಿನ್ನು ನಿಂತ ಗೇರ್ ಬಾಕ್ಸಿನಲ್ಲಿ ಎಣ್ಣೆ ಓಡದೆ ಒಳಗಿನದು ಸುಟ್ಟುಹೋಗುತ್ತದೆ. ನಾವು ಎಳೆದ ಗಾಡಿಯ ಗೇರ್ ಬಾಕ್ಸ್ ಸುಟ್ಟರೆ ಅದರ ಮಾಲೀಕ ಬಾಡಿಗೆ ಕೊಡುತ್ತಾನೆಯೆ? ನಮ್ಮಿಂದಲೇ ವಸೂಲಿಗೆ ನಿಲ್ಲುತ್ತಾನೆ. ಇದು ಹಗ್ಗ ಕಟ್ಟಿ ಎಳೆಯುವ ಕೆಲಸವೆಂದು ಕಂಡರೂ ಮೇಸ್ತ್ರಿಯ ಕೆಲಸ. ನಮ್ಮಲ್ಲಿ ಮೂಟೆ ಹೊರಬಲ್ಲ ನೂರು ಜನ ಇದ್ದಾರೆ. ಈ ಕೆಲಸ ಬಲ್ಲ ಇಬ್ಬರಿದ್ದಾರೆಯೆ?

ಇಷ್ಟಾದರೂ ಇದು ಕಬ್ಬಿಣದ ವಿಷಯ. ಕಾಗದದ ವಿಷಯ ಇದಕ್ಕಿಂತ ದೊಡ್ಡದು. ಸಣ್ಣವರು ಮುಳುಗುವುದು ಹೆಚ್ಚಾಗಿ ಅಲ್ಲಿಯೇ.

ಸರಕು ಲಾರಿಯ ವಿಮಾ ಪಾಲಿಸಿಯನ್ನು ತೆಗೆದು ಓದಿ. ಉಪಯೋಗದ ಮಿತಿ ಎಂಬ ಒಂದು ಭಾಗ ಇರುತ್ತದೆ. ಕೆಟ್ಟು ನಿಂತ ಒಂದು ಗಾಡಿಯನ್ನು ಎಳೆಯಬಹುದು, ಆದರೆ ಪ್ರತಿಫಲಕ್ಕಾಗಿ ಎಳೆಯಬಾರದು ಎಂಬ ಅರ್ಥದ ಷರತ್ತು ಅದರಲ್ಲಿ ಇರುತ್ತದೆ. ದಾರಿಯಲ್ಲಿ ಸಿಕ್ಕ ಗೆಳೆಯನ ಲಾರಿಯನ್ನು ಉಪಕಾರಕ್ಕಾಗಿ ಗ್ಯಾರೇಜಿಗೆ ಎಳೆದರೆ ವಿಮೆ ಉಂಟು. ಅದೇ ಕೆಲಸಕ್ಕೆ ಬಾಡಿಗೆ ಪಡೆದು, ಹಗ್ಗ ಹರಿದು, ಹಿಂದಿನ ಗಾಡಿ ಯಾರ ಮೇಲಾದರೂ ನುಗ್ಗಿದರೆ ವಿಮಾ ಕಂಪನಿ ಈ ಸಾಲನ್ನೇ ಬೆರಳಿಟ್ಟು ತೋರಿಸುತ್ತದೆ. ಬಾಡಿಗೆಗೆ ಎಳೆಯಬೇಕಾದರೆ ಆ ಕೆಲಸಕ್ಕೆ ತಕ್ಕ ಪಾಲಿಸಿಯನ್ನೇ ಪಡೆಯಬೇಕು. ಅದೂ ಅಲ್ಲದೆ, ಲಾರಿಯ ಮೇಲೆ ಕ್ರೇನು ಕೂರಿಸುವುದೆಂದರೆ ಗಾಡಿಯ ರೂಪ ಬದಲಾಯಿಸಿದಂತೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಅದಕ್ಕೆ ಆರ್.ಟಿ.ಓ. ಅನುಮತಿ ಬೇಕು, ಆರ್.ಸಿ. ಪುಸ್ತಕದಲ್ಲಿ ಅದು ಬರೆಯಲ್ಪಡಬೇಕು. ಸುಗ್ಗಿಯಲ್ಲಿ ಮಾಲು ಗಾಡಿ, ಮಳೆಗಾಲದಲ್ಲಿ ಕ್ರೇನು ಗಾಡಿ ಎಂದು ನಾವು ಮನೆಯಲ್ಲಿ ಕೂತು ಮಾಡಿದ ಏರ್ಪಾಡನ್ನು ಆ ಪುಸ್ತಕ ಒಪ್ಪುವುದಿಲ್ಲ. ಎಳೆಯುವ ಬಗ್ಗೆಯೂ ನಿಯಮಗಳಿವೆ. 1989ರ ರಸ್ತೆ ನಿಯಮಗಳಲ್ಲಿಯೇ ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಕೂಡದು, ಗಂಟೆಗೆ 24 ಕಿಲೋಮೀಟರಿಗಿಂತ ವೇಗ ಕೂಡದು, ಚಕ್ರ ಎತ್ತದೆ ಎಳೆಯುವಾಗ ಹಿಂದಿನ ಗಾಡಿಯಲ್ಲಿ ಲೈಸೆನ್ಸಿದ್ದ ಡ್ರೈವರ್ ಕೂತಿರಬೇಕು ಎಂದಿತ್ತು. 2017ರಲ್ಲಿ ಹೊಸ ನಿಬಂಧನೆಗಳು ಬಂದವು, ಅವನ್ನೂ ಒಮ್ಮೆ ಓದಿಸಿಕೊಳ್ಳಿ.

ಹೊಸದಕ್ಕಿಂತ ಹಳೆಯ ಗಾಡಿಗೆ ಕಾಗದದ ಖರ್ಚು ಹೆಚ್ಚು. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಹದಿನೈದು ವರ್ಷ ದಾಟಿದ ದೊಡ್ಡ ಲಾರಿಯ ಎಫ್.ಸಿ. ಶುಲ್ಕವನ್ನು ಕೇಂದ್ರ ಸರಕಾರ 2022ರ ಏಪ್ರಿಲ್ 1ರಿಂದ 12,500 ರೂಪಾಯಿ ಎಂದು ಗೊತ್ತುಮಾಡಿತು. 2025ರ ನವೆಂಬರಿನಲ್ಲಿ ಗಾಡಿಯ ವಯಸ್ಸು ಏರಿದಂತೆ ಶುಲ್ಕವೂ ಏರುವ ಹಾಗೆ ಮತ್ತೆ ಬದಲಾಯಿಸಿತು. ಆದುದರಿಂದ ಬೆಲೆ ಮಾತಾಡುವ ಮೊದಲು ಆರ್.ಸಿ.ಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ನೋಡಿ, ಆ ವಯಸ್ಸಿನ ಶುಲ್ಕ ಎಷ್ಟೆಂದು ದಾವಣಗೆರೆಯ ಆರ್.ಟಿ.ಓ. ಕಛೇರಿಯಲ್ಲೇ ಕೇಳಿ ಬರೆದುಕೊಳ್ಳಿ, ದಲ್ಲಾಳಿಯ ಬಾಯಿಂದ ಬೇಡ. ಕೆ.ಎ. 17 ಎಂದು ನೋಡಿ ನಮ್ಮ ಜಿಲ್ಲೆಯದೇ ಎಂದು ಮರುಳಾಗಬೇಡಿ. 14 ಶಿವಮೊಗ್ಗ, 16 ಚಿತ್ರದುರ್ಗ; ಗಾಡಿ ಎಲ್ಲೆಲ್ಲಿ ತಿರುಗಿ ಬಂದಿದೆ, ಯಾವ ಫೈನಾನ್ಸಿನ ಸಾಲ ಇನ್ನೂ ಅದರ ಮೇಲಿದೆ ಎಂಬುದು ನಂಬರ್ ಪ್ಲೇಟಿನಲ್ಲಿ ಕಾಣುವುದಿಲ್ಲ.

ಸಾಲದ ಮಾತು ಬಂದಿತು. ಫೈನಾನ್ಸಿನವರು ಶೇಕಡ 10 ಮಾತ್ರ ಎನ್ನುತ್ತಾರೆ. ಫ್ಲಾಟ್ ಎಂಬ ಪದವನ್ನು ಮೆಲ್ಲಗೆ ಹೇಳುತ್ತಾರೆ. 5 ಲಕ್ಷ ಸಾಲ, 3 ವರ್ಷ, ಶೇಕಡ 10 ಫ್ಲಾಟ್. ಬಡ್ಡಿ ಒಂದೂವರೆ ಲಕ್ಷ, ತಿಂಗಳ ಕಂತು 18 ಸಾವಿರದ ಚಿಲ್ಲರೆ. ನೀವು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಮೊದಲ ದಿನದ 5 ಲಕ್ಷದ ಮೇಲೆಯೇ ನಿಂತಿರುತ್ತದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇಕಡ 18ರ ಹತ್ತಿರ ಬರುತ್ತದೆ. ಏಳನೇ ಇಯತ್ತೆಯ ಹುಡುಗ ಬಿಡಿಸಬಲ್ಲ ಲೆಕ್ಕವಲ್ಲ ಇದು, ಆದ್ದರಿಂದಲೇ ಅವರು ಧೈರ್ಯವಾಗಿ ಹೇಳುತ್ತಾರೆ.

ಈಗ ಹೆಸರಿನ ಪ್ರಶ್ನೆ. ಲಾರಿ ಯಾರ ಹೆಸರಿನಲ್ಲಿ? ನಮ್ಮಲ್ಲಿ ಓದು ಬರಹ ಬಲ್ಲ ಒಬ್ಬರ ಹೆಸರಿನಲ್ಲಿ ಇರಲಿ, ಎಲ್ಲರೂ ಒಳಗೊಳಗೇ ಪಾಲುದಾರರು ಎಂದು ಕೆಲವರು ಹೇಳಿದ್ದೀರಿ. ಇದು ಇಬ್ಬರಿಗೂ ಅಪಾಯ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಮೊಕದ್ದಮೆಯಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗಾಡಿ ಕೈಯಿಂದ ಕೈಗೆ ಮಾರಾಟವಾಗಿ ಹೋಗಿತ್ತು, ದಾಖಲೆಯಲ್ಲಿ ಮಾತ್ರ ಹಳೆಯ ಹೆಸರು ಉಳಿದಿತ್ತು. ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಅವನೇ ಹೊಣೆ ಎಂದು ಕೋರ್ಟು ಹೇಳಿತು. ಹಾಗಿರುವಾಗ ನಮಗಾಗಿ ಹೆಸರು ಕೊಟ್ಟ ಬಡವನ ಮನೆ ಹರಾಜಿಗೆ ಬರಬಹುದು. ಇಲ್ಲವೆ ಆತನ ಮನಸ್ಸು ಕೆಟ್ಟರೆ, ಅಥವಾ ಆತ ಸತ್ತು ಮಕ್ಕಳು ಲಾರಿ ನಮ್ಮಪ್ಪನದು ಎಂದರೆ, ನಿಮ್ಮ ಪಾಲಿಗೆ ಸಾಕ್ಷಿ ಏನು? ಕೊಳ್ಳುವುದೇ ಆದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ ಕೆಳಗೆ ಸಂಘ ರಿಜಿಸ್ಟರ್ ಮಾಡಿಸಿ, ಸಂಘದ ಹೆಸರಿನಲ್ಲೇ ಕೊಳ್ಳಿ. ಐವತ್ತು ಸಾವಿರ ಹಾಕಿದ ವ್ಯಾಪಾರಿಗೂ ಐದು ಸಾವಿರ ಹಾಕಿದ ಹಮಾಲಿಗೂ ಅಲ್ಲಿ ಒಂದೊಂದೇ ಓಟು. ವ್ಯಾಪಾರಿ ಗೆಳೆಯರಿಗೆ ಇದು ಸ್ವಲ್ಪ ಕಹಿ ಎಂದು ಬಲ್ಲೆ. ಆದರೂ ಹಾಗೆಯೇ ಆಗಬೇಕು. ಸಂಘವಿಲ್ಲದೆ ಲಾರಿ ತಂದರೆ ಮೊದಲ ಸುಗ್ಗಿಯಲ್ಲಿ ಮಾಲು ಯಾರದು ಮೊದಲು ಹೋಗುತ್ತದೆಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಕೆಲಸಗಾರರು ಗಾಡಿ ನಡೆಸಲಾರರು ಎಂದು ನಾನು ಹೇಳುತ್ತಿರುವೆನೆಂದು ತಿಳಿಯಬೇಡಿ. ನಮ್ಮ ಪಕ್ಕದ ಮಲೆನಾಡಿನಲ್ಲೇ ನಡೆಸಿ ತೋರಿಸಿದ್ದಾರೆ. ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದು ನಿಂತುಹೋದಾಗ ಅದರ ಕೆಲಸಗಾರರೇ ಸೇರಿ 1991ರಲ್ಲಿ ಸಾರಿಗೆ ಸಹಕಾರ ಸಂಘ ಕಟ್ಟಿದರು. ಸಹಕಾರ ಸಾರಿಗೆ ಎಂದು ಶಿವಮೊಗ್ಗ, ಚಿಕ್ಕಮಗಳೂರಿನ ಜನರೆಲ್ಲ ಬಲ್ಲರು. ಆರು ಬಸ್ಸುಗಳಿಂದ ಆರಂಭಿಸಿ ಎಪ್ಪತ್ತರ ಆಚೆಗೆ ಬೆಳೆದರು. ಡ್ರೈವರ್, ಕಂಡಕ್ಟರು, ಮೆಕ್ಯಾನಿಕ್ಕು ಅವರೇ ಮಾಲೀಕರು. ಸುಮಾರು 29 ವರ್ಷ ಘಟ್ಟದ ರಸ್ತೆಯಲ್ಲಿ ಬಸ್ಸು ಓಡಿಸಿದರು. ಕೊನೆಗೆ ಡೀಸೆಲ್ಲು, ವಿಮೆ, ಬಿಡಿಭಾಗಗಳ ಖರ್ಚು ಏರಿದಂತೆ ಆದಾಯ ಏರದೆ 2020ರ ಫೆಬ್ರವರಿಯಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ಆ ಸಂಘದ ಜನರ ಪ್ರಾಮಾಣಿಕತೆಯಲ್ಲಿ, ಕೆಲಸ ಬಲ್ಲತನದಲ್ಲಿ ಕೊರತೆಯಿರಲಿಲ್ಲ. ಅವರು ಗಾಡಿಯ ಕೆಲಸವನ್ನೇ ಜೀವನವಾಗಿ ಮಾಡಿದವರು. ಅಂಥವರಿಗೇ ಖರ್ಚು ಮೇಲೆ ಬಿದ್ದಿತು ಎಂದಮೇಲೆ, ಮೂಟೆ ಹೊರುವವರೂ ತಕ್ಕಡಿ ಹಿಡಿಯುವವರೂ ಆದ ನಾವು ಒಂದು ಹೆಜ್ಜೆ ಹಿಂದೆ ನಿಂತು ಎಣಿಸಬೇಕಾಗುತ್ತದೆ.

ಆದುದರಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎಳೆಯುವ ಲಾರಿ ನಮಗೆ ಬೇಡ. ಆ ಕೆಲಸಕ್ಕೆ ಬೇಕಾದ ಗಾಡಿ ಬೇರೆ, ವಿಮೆ ಬೇರೆ, ವಿದ್ಯೆ ಬೇರೆ. ಕರೆ ಬರುವುದಂತೂ ಯಾವಾಗಲೋ. ಹೊರುವ ಲಾರಿ ಬೇಕೆ ಎಂಬುದಕ್ಕೆ ಇವತ್ತೇ ಉತ್ತರ ಹೇಳಲಾರೆ, ಯಾಕೆಂದರೆ ಉತ್ತರ ನಿಮ್ಮ ಅಂಗಡಿಗಳಲ್ಲಿದೆ. ಈಗಿನಿಂದ ಮೂರು ತಿಂಗಳು ಪ್ರತಿಯೊಂದು ಊರಿನವರೂ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ಚೀಲ, ಬಾಡಿಗೆ ಎಷ್ಟು ಕೊಟ್ಟಿರಿ, ಹಿಂತಿರುಗುವಾಗ ಲಾರಿ ಖಾಲಿಯೋ ತುಂಬಿಯೋ, ಇಷ್ಟನ್ನು ಬರೆಯಿರಿ. ಮೂರು ತಿಂಗಳಲ್ಲಿ ಒಂದು ಸುಗ್ಗಿಯ ತಿಂಗಳೂ ಒಂದು ಖಾಲಿ ತಿಂಗಳೂ ಇರುವ ಹಾಗೆ ನೋಡಿಕೊಳ್ಳಿ, ಸುಗ್ಗಿಯನ್ನೇ ಬರೆದು ನಮ್ಮನ್ನು ನಾವೇ ಮೋಸಮಾಡಿಕೊಳ್ಳುವುದು ಬೇಡ. ನಾಲ್ಕು ಪುಸ್ತಕ ಸೇರಿಸಿ ವರ್ಷಕ್ಕೆ 150 ದಿನದ ಮೇಲೆ ಕೆಲಸ ಕಂಡರೆ ಸಂಘ ರಿಜಿಸ್ಟರ್ ಮಾಡಿಸೋಣ, ನಾನೇ ಅರ್ಜಿ ಬರೆಯುತ್ತೇನೆ. 100ರ ಕೆಳಗೆ ಬಂದರೆ ನಾಲ್ಕು ಊರಿನವರೂ ಒಟ್ಟಾಗಿ ಒಬ್ಬ ಲಾರಿ ಮಾಲೀಕನೊಡನೆ ಸುಗ್ಗಿಯ ಬಾಡಿಗೆಯನ್ನು ಮುಂಚೆಯೇ ಗೊತ್ತುಮಾಡಿಕೊಳ್ಳೋಣ. ಒಬ್ಬೊಬ್ಬರೇ ಹೋದರೆ ಅವನು ಹೇಳಿದ ದರ, ನೂರು ಲೋಡು ಒಟ್ಟಿಗೆ ತೋರಿಸಿದರೆ ನಾವು ಕೇಳಿದ ದರ. ಇದಕ್ಕೆ ಬಂಡವಾಳವೇ ಬೇಡ. ನಡುವೆ ಬಂದರೆ ಮತ್ತೆ ಕೂತು ಮಾತಾಡೋಣ.

ಲಾರಿ ನೋಡಲು ಹೋಗುವ ದಿನ ಬಂದರೆ ಇಷ್ಟು ನೆನಪಿರಲಿ. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ಹೋಗಿ, ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇವೆ ಎಂದು ಹಿಂತಿರುಗಿ. ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿ, ಅಲ್ಲಿಂದ ಹೊಗೆ ಒತ್ತಿ ಬರುತ್ತಿದ್ದರೆ ಪಿಸ್ಟನ್ನು, ರಿಂಗು ಸವೆದಿವೆ. ಚಾಸಿಯ ಉದ್ದಕ್ಕೂ ಹೊಸ ಬಣ್ಣ ಎಲ್ಲಿದೆಯೋ ಅಲ್ಲಿ ಕೆರೆದು ನೋಡಿ, ಬಣ್ಣದ ಕೆಳಗೆ ಬೆಸುಗೆ ಸಿಗುತ್ತದೆ. ಹಿಂದಿನ ತುದಿಯಲ್ಲಿ ಕೊಕ್ಕೆ ಕೂರಿಸಿದ ತೂತುಗಳಿದ್ದರೆ ಹಿಂದೆ ಯಾರೋ ಅದರಿಂದ ಎಳೆಸಿದ್ದಾರೆಂದು ತಿಳಿಯಿರಿ. ಚಾಸಿ ನಂಬರನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಉಜ್ಜಿ ತೆಗೆದು ಆರ್.ಸಿ.ಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಖಾಲಿ ಗಾಡಿ ಓಡಿಸಿ ನೋಡಿ ಮೆಚ್ಚಬೇಡಿ, ಒಂದು ಲೋಡು ಹಾಕಿಸಿ ದಿಬ್ಬ ಹತ್ತಿಸಿ, ಇಳಿಯುವಾಗ ಬ್ರೇಕು ಒತ್ತಿಸಿ. ತೂಕ ಆರ್.ಸಿ.ಯಲ್ಲಿ ಬರೆದಷ್ಟೇ ಇರಲಿ. 2019ರಲ್ಲಿ ತಿದ್ದಿದ 194ನೇ ಕಲಮಿನಲ್ಲಿ ಹೆಚ್ಚು ಭಾರಕ್ಕೆ 20 ಸಾವಿರ ರೂಪಾಯಿ, ಮೇಲೆ ಟನ್ನಿಗೆ 2 ಸಾವಿರ ದಂಡ ಇದೆ. ಮಾರುವವನು ಎಲ್ಲರೂ ಹಾಗೆಯೇ ತುಂಬುತ್ತಾರೆ ಸ್ವಾಮಿ ಎಂದರೆ ಆ ಲಾರಿಯ ಪಟ್ಟಿಗಳೂ ಹೌಸಿಂಗೂ ಹೇಗಾಗಿವೆಯೆಂಬುದನ್ನು ಅವನೇ ಹೇಳಿದಂತಾಯಿತು. ಕೊಂಡ ದಿನವೇ ವರ್ಗಾವಣೆಯ 29, 30ನೇ ಫಾರಂಗಳಿಗೆ ಸಹಿ ಆಗಬೇಕು. ಸಾಲವಿದ್ದರೆ ತೀರಿದ ಬಗ್ಗೆ 35ನೇ ಫಾರಂ ಕೂಡ.

ದಲ್ಲಾಳಿ ನಾಳೆ ಬೆಳಿಗ್ಗೆ ಮುಂಗಡ ಕೇಳಲು ಬರುತ್ತಾನಂತೆ, ಇನ್ನೊಂದು ಗಿರಾಕಿ ಕಾದಿದೆ ಎಂದು ಹೇಳಿಕಳಿಸಿದ್ದಾನೆ. ಆ ಗಿರಾಕಿಗೇ ಕೊಡಲಿ. ನೋಟ್‌ಬುಕ್ಕುಗಳನ್ನು ತಂದಿದ್ದೇನೆ, ಊರಿಗೊಂದರಂತೆ ಈಗಲೇ ತೆಗೆದುಕೊಂಡು ಹೋಗಿ. ಜಗಳೂರಿನವರು ಮೊದಲು ಬನ್ನಿ, ನಿಮ್ಮ ಕೊನೆಯ ಬಸ್ಸಿಗೆ ಹೊತ್ತಾಗುತ್ತದೆ.